ಮಧ್ಯಾಹ್ನ ನಾಲ್ಕರ ಶುಗರ್: ಸ್ಟೀರಾಯ್ಡ್ ತಗೊಳ್ಳುವವರ ಮನೆಗೆ ಒಂದು ಗ್ಲುಕೋಮೀಟರ್

ಇದು ಅಕ್ಯು-ಚೆಕ್ ಇನ್‌ಸ್ಟಂಟ್ ಅನ್ನುವ ಗ್ಲುಕೋಮೀಟರ್ ಬಗ್ಗೆ, ಅಂದರೆ ಬೆರಳು ಚುಚ್ಚಿ ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಯಂತ್ರ. ರೋಶ್ ಕಂಪನಿಯದು. ಶುಗರ್ ಇರುವ ಎಷ್ಟೋ ಮನೆಗಳಲ್ಲಿ ಈಗಾಗಲೇ ಇದೆ, ಇದನ್ನು ಹೊಗಳಿ ಬರೆದವರೂ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಒಂದು ಗುಂಪಿನವರನ್ನು ಮನಸ್ಸಿನಲ್ಲಿಟ್ಟುಕೊಂಡು. ಮನೆಯಲ್ಲಿ ಯಾರಿಗೋ ಡಾಕ್ಟ್ರು ಸ್ಟೀರಾಯ್ಡ್ ಮಾತ್ರೆ ಬರೆದಿದ್ದಾರೆ, ಅವರಿಗೆ ಮೊದಲೇ ಶುಗರ್ ಇದೆ, ಇಲ್ಲವೇ ಬರುವ ಅಂಚಿನಲ್ಲಿದೆ. ಅಂಥ ಮನೆಯವರು ಇದನ್ನು ಪೂರ್ತಿ ಓದಬೇಕು ಅಂತ ನನ್ನ ಆಸೆ.

ನಮ್ಮಪ್ಪನಿಗೆ 67 ವರ್ಷ. ಕೆರಗೋಡು ಕಡೆಯ ಊರು. ಜೀವಮಾನವೆಲ್ಲ ಕಬ್ಬು ಬೆಳೆದು, ಸ್ವಂತ ಆಲೆಮನೆಯಲ್ಲಿ ಬೆಲ್ಲ ಮಾಡಿದವರು. ಶುಗರ್ ಬಂದು ಬಹಳ ವರ್ಷ ಆಯಿತು. ಮೆಟ್‌ಫಾರ್ಮಿನ್ ಮಾತ್ರೆ ಒಂದರಲ್ಲೇ ಹತೋಟಿಯಲ್ಲಿತ್ತು. ಹೋದ ವರ್ಷ ಒಣಕೆಮ್ಮು ಶುರುವಾಯಿತು, ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಮೈಸೂರಿಗೆ ಕರೆದುಕೊಂಡು ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ಶ್ವಾಸಕೋಶದಲ್ಲಿ ಅಲರ್ಜಿಯಿಂದ ಬಂದ ಊತ ಅಂದರು. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ಧೂಳು ಉಸಿರಿನ ಜೊತೆ ಒಳಗೆ ಹೋಗುತ್ತಲೇ ಇದ್ದರೆ ಕೆಲವರಿಗೆ ಹೀಗಾಗುತ್ತದೆ. ಬಗಾಸೋಸಿಸ್ ಅಂತ ಆ ಕಾಯಿಲೆಗೆ ಹೆಸರೇ ಇದೆ. ಆಲೆಮನೆ ಒಲೆಗೆ ಹಾಕುವುದೇ ಆ ಸಿಪ್ಪೆ, ಅಪ್ಪ ಅದರ ರಾಶಿ ಪಕ್ಕದಲ್ಲೇ ಬದುಕಿದವರು. ಇನ್ನು ಆ ಕಡೆ ಸುಳಿಯಬೇಡಿ ಅಂತ ಹೇಳಿ, ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ 40 ಮಿಲಿಗ್ರಾಂ ಬರೆದರು. ದಿನಕ್ಕೊಂದು ಸಲ, ಬೆಳಗ್ಗೆ ತಿಂಡಿ ಆದ ಮೇಲೆ. ಕೆಲವು ವಾರ ಅದೇ ಡೋಸ್, ಆಮೇಲೆ ಹಂತ ಹಂತವಾಗಿ ಇಳಿಸುವುದು.

ಸ್ಟೀರಾಯ್ಡ್ ಅಂದರೆ ಜಿಮ್‌ನಲ್ಲಿ ಮೈ ಬೆಳೆಸಲು ತಗೊಳ್ಳುವ ಔಷಧಿ ಅಂತ ನಮ್ಮ ಕಡೆ ತುಂಬಾ ಜನ ತಿಳಿದುಕೊಂಡಿದ್ದಾರೆ. ಅದು ಬೇರೆ ಜಾತಿ. ಇದು ಊತ ಇಳಿಸುವ ಸ್ಟೀರಾಯ್ಡ್. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ಮಾಡುತ್ತವಲ್ಲ, ಅದರ ಹತ್ತಿರದ ಸಂಬಂಧಿ. ದಮ್ಮು, ಸಂಧಿವಾತ, ಚರ್ಮದ ಗುಳ್ಳೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಹೀಗೆ ನೂರೆಂಟಕ್ಕೆ ಕೊಡುತ್ತಾರೆ. ಇದರ ಅಣ್ಣ ಕಾರ್ಟಿಸೋನ್ ಕಂಡುಹಿಡಿದ ಕೆಲಸಕ್ಕೆ 1950ರಲ್ಲಿ ನೊಬೆಲ್ ಬಹುಮಾನ ಬಂತು. ಜೀವ ಉಳಿಸುವ ಔಷಧಿ ಇದು. ಅಪ್ಪನ ಕೆಮ್ಮು ಹತ್ತು ದಿನದೊಳಗೆ ಅರ್ಧಕ್ಕರ್ಧ ಇಳಿದದ್ದನ್ನು ನಾನೇ ನೋಡಿದ್ದೇನೆ.

ಕೆಮ್ಮು ಇಳಿಯಿತು, ಬಾಯಾರಿಕೆ ಏರಿತು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ರಾತ್ರಿ ಮತ್ತೆ ಮತ್ತೆ ಎದ್ದು ಹೋಗುತ್ತಿದ್ದರು. ಪೇಪರ್ ಓದಲು ಕೂತರೆ ಅಕ್ಷರ ಮಂಜು ಮಂಜು ಅನ್ನುತ್ತಿದ್ದರು. ಒಂದು ಲ್ಯಾಬ್‌ಗೆ ಹೋಗಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟರು. 116 ಬಂತು. ಶುಗರ್ ಇರುವ ಮನುಷ್ಯನಿಗೆ ಅದು ಒಳ್ಳೆಯ ನಂಬರ್. ಲ್ಯಾಬ್‌ನವರು 'ಏನೂ ತೊಂದರೆ ಇಲ್ಲ ಯಜಮಾನ್ರೆ' ಅಂದರು. ವಯಸ್ಸಾಯಿತು, ಬಿಸಿಲು ಜಾಸ್ತಿ, ಅದಕ್ಕೇ ಬಾಯಾರಿಕೆ ಅಂತ ಮನೆಯವರೆಲ್ಲ ಸಮಾಧಾನ ಮಾಡಿಕೊಂಡರು. ನನಗೆ ಮಾತ್ರ ಸಮಾಧಾನ ಆಗಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಒಂದೇ ಬಿಂದು ಇಟ್ಟುಕೊಂಡು ರೇಖೆ ಎಳೆಯಲು ಆಗಲ್ಲ.

ಮಂಡ್ಯದ ವಿ.ವಿ. ರಸ್ತೆಯಲ್ಲಿ ನಾವು ಯಾವಾಗಲೂ ಹೋಗುವ ಮೆಡಿಕಲ್ ಸ್ಟೋರ್ ಒಂದಿದೆ. ಅಲ್ಲಿನ ಹುಡುಗ ಈ ಮೀಟರ್ ಕೊಟ್ಟ. ಡಬ್ಬಿ ಕೈಗಿಟ್ಟು ಕಳಿಸಲಿಲ್ಲ, ಅದಕ್ಕೆ ಅವನಿಗೆ ಪ್ರತ್ಯೇಕ ಮೆಚ್ಚುಗೆ ಹೇಳಬೇಕು. ಡಬ್ಬಿ ಬಿಚ್ಚಿ, ತಾರೀಕು, ಗಂಟೆ ಸರಿಯಾಗಿ ಇಟ್ಟು, ಅಪ್ಪನ ಕೈಯಲ್ಲೇ ಒಂದು ಸಲ ಮಾಡಿಸಿದ. ಗಂಟೆ ಸರಿ ಇರುವುದು ಎಷ್ಟು ಮುಖ್ಯ ಅಂತ ಆಮೇಲೆ ಗೊತ್ತಾಗುತ್ತದೆ. ರಕ್ತದ ಹನಿ ತಾಗಿಸುವ ಪಟ್ಟಿಗೆ ಸ್ಟ್ರಿಪ್ ಅನ್ನುತ್ತಾರೆ, ಅದರ ಬಾಟಲಿಯ ಮೇಲಿನ ಎಕ್ಸ್‌ಪೈರಿ ತಾರೀಕು ತೋರಿಸಿದ. ಮುಚ್ಚಳ ಗಟ್ಟಿಯಾಗಿ ಹಾಕಿಡಿ, ತೇವ ತಾಗಿದರೆ ಸ್ಟ್ರಿಪ್ ಕೆಡುತ್ತದೆ ಅಂದ. ಇದಕ್ಕೂ ಮೊದಲು ನಮ್ಮಣ್ಣ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಬೇರೆ ಯಾವುದೋ ಮೀಟರ್ ತರಿಸಿದ್ದ. ಜೊತೆಗೆ ಬಂದ ಸ್ಟ್ರಿಪ್ ಖಾಲಿಯಾದ ಮೇಲೆ ಊರಲ್ಲೆಲ್ಲ ಹುಡುಕಿದರೂ ಅದರ ಸ್ಟ್ರಿಪ್ ಸಿಗಲಿಲ್ಲ. ಹಾಗಾಗಿ ನನ್ನ ಮೊದಲ ಸಲಹೆ: ಮೀಟರ್ ಬೆಲೆ ನೋಡಬೇಡಿ. ನಿಮ್ಮ ಬೀದಿಯ ಅಂಗಡಿಯಲ್ಲಿ ಯಾವುದರ ಸ್ಟ್ರಿಪ್ ಯಾವಾಗಲೂ ಸಿಗುತ್ತದೋ ಅದನ್ನು ತಗೊಳ್ಳಿ.

ಮಾರನೇ ದಿನ ನಾನು ರಜೆ ಹಾಕಿ ಊರಲ್ಲೇ ಉಳಿದೆ. ಬೆಳಗ್ಗೆ ಎದ್ದ ಕೂಡಲೇ, ಮಧ್ಯಾಹ್ನ ಊಟಕ್ಕೆ ಮುಂಚೆ, ನಾಲ್ಕು ಗಂಟೆಗೆ, ರಾತ್ರಿ ಮಲಗುವ ಮುಂಚೆ, ಹೀಗೆ ನೋಡಿದೆವು. ಬೆಳಗ್ಗೆ 121. ಊಟಕ್ಕೆ ಮುಂಚೆ 204. ನಾಲ್ಕು ಗಂಟೆಗೆ 338. ಮಲಗುವಾಗ 257. ಮತ್ತೆ ಮಾರನೇ ಬೆಳಗ್ಗೆ 118. ಅಪ್ಪ ತಿಂದದ್ದು ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ಉಪ್ಸಾರು. ಹೊಸದಾಗಿ ಏನನ್ನೂ ತಿಂದಿರಲಿಲ್ಲ.

ಗ್ರಾಫ್ ಹಾಳೆಯಲ್ಲಿ ಆ ಬಿಂದುಗಳನ್ನು ಇಟ್ಟಾಗ ಎದ್ದು ಕಂಡದ್ದು ಒಂದು ಗುಡ್ಡ. ಬೆಳಗಿನ ಜಾವ ತಪ್ಪಲು, ಮಧ್ಯಾಹ್ನದಿಂದ ಸಂಜೆವರೆಗೆ ನೆತ್ತಿ, ರಾತ್ರಿ ಇಳಿಜಾರು. ಲ್ಯಾಬ್‌ನವರು ದಿನಾ ರಕ್ತ ತಗೊಳ್ಳುವುದು ಸರಿಯಾಗಿ ಆ ತಪ್ಪಲಿನ ಹೊತ್ತಿನಲ್ಲೇ. ಅಲ್ಲಿ ನಿಂತವರಿಗೆ ನೆತ್ತಿ ಕಾಣುವುದಾದರೂ ಹೇಗೆ?

ಹಾಳೆ ಹಿಡಿದುಕೊಂಡು ಮೈಸೂರಿನ ಶುಗರ್ ಡಾಕ್ಟ್ರ ಹತ್ತಿರ ಹೋದೆವು. ಅವರು ಹಾಳೆ ನೋಡಿ, 'ಸ್ಟೀರಾಯ್ಡ್ ಶುಗರ್ ಇರೋದೇ ಹೀಗೆ' ಅಂದರು. ಬೆಳಗ್ಗೆ ತಿಂಡಿ ಜೊತೆ ನುಂಗಿದ ಪ್ರೆಡ್ನಿಸೊಲೋನ್‌ನ ಪ್ರಭಾವ ನಾಲ್ಕರಿಂದ ಎಂಟು ಗಂಟೆ ಆದ ಮೇಲೆ ಜೋರಾಗುತ್ತದೆ. ರಾತ್ರಿ ಕಳೆಯುವಷ್ಟರಲ್ಲಿ ಇಳಿಯುತ್ತದೆ. ಹಾಗಾಗಿ ಖಾಲಿ ಹೊಟ್ಟೆಯ ಶುಗರ್ ಬಹಳ ಸಲ ಸರಿಯಾಗಿಯೇ ಇರುತ್ತದೆ. ಅಪ್ಪನಿಗೆ ಅರ್ಥವಾಗಲಿ ಅಂತ ಅವರು ಒಳಗೆ ಏನಾಗುತ್ತದೆ ಅಂತಲೂ ಬಿಡಿಸಿ ಹೇಳಿದರು. ಸ್ಟೀರಾಯ್ಡ್ ಮೂರು ಕಡೆ ಕೈಹಾಕುತ್ತದೆ. ಲಿವರ್ ಬೇಡದ ಹೊತ್ತಿನಲ್ಲೂ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತದೆ. ರಕ್ತದ ಸಕ್ಕರೆಯನ್ನು ಒಳಗೆ ತಗೊಳ್ಳಿ ಅನ್ನುವ ಇನ್ಸುಲಿನ್ ಹಾರ್ಮೋನ್ ಮಾತನ್ನು ಸ್ನಾಯು ಮತ್ತು ಕೊಬ್ಬು ಕೇಳುವುದಿಲ್ಲ, ಹಾಗಾಗಿ ಊಟದ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿಯೂ ಸ್ವಲ್ಪ ಮಂಕಾಗುತ್ತದೆ. ಅದರ ಮೇಲೆ ಹಸಿವು ಬೇರೆ ಜಾಸ್ತಿಯಾಗುತ್ತದೆ. ಶುಗರ್ ಇಲ್ಲದವರಿಗೂ ಇದರಿಂದ ಹೊಸದಾಗಿ ಶುಗರ್ ಕಾಣಿಸಿಕೊಳ್ಳಬಹುದು. ವಯಸ್ಸಾದವರು, ತೂಕ ಜಾಸ್ತಿ ಇರುವವರು, ತಂದೆತಾಯಿಗೆ ಶುಗರ್ ಇದ್ದವರು, ಬಸುರಿಯಲ್ಲಿ ಶುಗರ್ ಬಂದಿದ್ದ ಹೆಂಗಸರು ಹುಷಾರಾಗಿರಬೇಕು.

ಈಗ ಮೀಟರ್ ವಿಷಯಕ್ಕೆ ಬರುತ್ತೇನೆ. ಚಿಕ್ಕದು, ಅಂಗೈಯಲ್ಲಿ ಕೂರುತ್ತದೆ. ಸ್ಟ್ರಿಪ್ ಸಿಕ್ಕಿಸಿದರೆ ತಾನೇ ಆನ್ ಆಗುತ್ತದೆ. ಹೊಸ ಸ್ಟ್ರಿಪ್ ಬಾಟಲಿ ತೆರೆದಾಗ ಮೀಟರ್‌ಗೆ ಕೋಡ್ ನಂಬರ್ ಹಾಕುವ ತಾಪತ್ರಯ ಇಲ್ಲ. ರಕ್ತ 0.6 ಮೈಕ್ರೋಲೀಟರ್ ಸಾಕು, ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕ ಹನಿ. ನಾಲ್ಕು ಸೆಕೆಂಡಿನೊಳಗೆ ಉತ್ತರ. ಅಂಕಿ ದಪ್ಪಗೆ ಕಾಣುತ್ತದೆ, ಕಣ್ಣು ಮಂಜಾದ ದಿನಗಳಲ್ಲೂ ಅಪ್ಪ ಓದಿಕೊಂಡರು. ಪರದೆಯ ಪಕ್ಕದಲ್ಲಿ ಬಣ್ಣದ ಪಟ್ಟಿ ಇದೆ, ಶುಗರ್ ಗುರಿಯೊಳಗಿದೆಯೋ, ಮೇಲಿದೆಯೋ, ಕೆಳಗಿದೆಯೋ ಅಂತ ಒಂದು ಗುರುತು ತೋರಿಸುತ್ತದೆ. ಅಮ್ಮನಿಗೆ ಅಂಕಿಗಿಂತ ಆ ಬಣ್ಣವೇ ಬೇಗ ಅರ್ಥವಾಯಿತು. ನಾನು ಫೋನ್ ಮಾಡಿದಾಗ 'ಹಸಿರಿನಲ್ಲಿದೆ ಕಣೇ' ಅನ್ನುತ್ತಿದ್ದಳು. 10ರಿಂದ 600ರವರೆಗೆ ಅಳೆಯುತ್ತದೆ. ಅದಕ್ಕೂ ಮೇಲಿದ್ದರೆ ಅಂಕಿ ಬರಲ್ಲ, ಜಾಸ್ತಿ ಅಂತ ತೋರಿಸುತ್ತದೆ. ಅಂಥದ್ದು ಬಂದರೆ ಕೈ ತೊಳೆದು ಇನ್ನೊಂದು ಸಲ ನೋಡಿ. ಮತ್ತೂ ಹಾಗೇ ಬಂದರೆ ಸೀದಾ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದರ ನೆನಪು. 720 ರೀಡಿಂಗ್‌ಗಳನ್ನು ತಾರೀಕು, ಗಂಟೆ ಸಮೇತ ಇಟ್ಟುಕೊಳ್ಳುತ್ತದೆ. ಫೋನ್‌ಗೂ ಕಳಿಸಬಹುದು. ಸ್ಟೀರಾಯ್ಡ್ ತಗೊಳ್ಳುವವರ ವಿಷಯದಲ್ಲಿ ಗಂಟೆ ಇಲ್ಲದ ಅಂಕಿಗೆ ಅರ್ಥವೇ ಇಲ್ಲ. 200 ಅಂತ ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ: ಎಷ್ಟು ಹೊತ್ತಿಗೆ? ಬೆಳಗ್ಗೆ ಎದ್ದಾಗ 200 ಇರುವುದಕ್ಕೂ, ನಾಲ್ಕು ಗಂಟೆಗೆ 200 ಇರುವುದಕ್ಕೂ ಅಜಗಜಾಂತರ.

ಮೀಟರ್ ಸರಾಸರಿಯನ್ನೂ ತೋರಿಸುತ್ತದೆ. ಅದನ್ನು ನೆಚ್ಚಿಕೊಳ್ಳಬೇಡಿ. 120 ಮತ್ತು 340ರ ಸರಾಸರಿ 230. ಆದರೆ ಅಪ್ಪನ ಶುಗರ್ ದಿನದಲ್ಲಿ ಬಹಳ ಹೊತ್ತು 230ರ ಹತ್ತಿರವೂ ಇರಲಿಲ್ಲ. ಸರಾಸರಿ ನೋಡಿ ರಾತ್ರಿಯ ಔಷಧಿ ಜಾಸ್ತಿ ಮಾಡಿದರೆ ಬೆಳಗಿನ ಜಾವ ಶುಗರ್ ಕುಸಿಯುತ್ತದೆ, ನಾಲ್ಕು ಗಂಟೆಯ ಗುಡ್ಡ ಹಾಗೇ ಉಳಿಯುತ್ತದೆ. ಎಚ್‌ಬಿಎ1ಸಿ ಅಂತ ಮಾಡಿಸುತ್ತಾರಲ್ಲ, ಅದೂ ಎರಡು ಮೂರು ತಿಂಗಳ ಸರಾಸರಿಯೇ. ಸ್ಟೀರಾಯ್ಡ್ ಶುರು ಮಾಡುವ ಮುಂಚೆ ಒಮ್ಮೆ ಮಾಡಿಸಿದರೆ ಒಳ್ಳೆಯದು, ಮೊದಲು ಎಲ್ಲಿದ್ದೆವು ಅಂತ ಗೊತ್ತಾಗುತ್ತದೆ. ಆದರೆ ಹೋದ ವಾರದಿಂದ ಏರುತ್ತಿರುವ ಶುಗರ್ ಅದರಲ್ಲಿ ಕಾಣುವುದಿಲ್ಲ.

ಚುಚ್ಚುವ ಪೆನ್ ಹೆಸರು ಸಾಫ್ಟ್‌ಕ್ಲಿಕ್ಸ್. ಎಷ್ಟು ಆಳ ಚುಚ್ಚಬೇಕು ಅಂತ 11 ಹಂತಗಳಲ್ಲಿ ಇಟ್ಟುಕೊಳ್ಳಬಹುದು. ಅಪ್ಪನ ಬೆರಳು ಕುಡುಗೋಲು ಹಿಡಿದು ಹಿಡಿದು ಗಡುಸಾದದ್ದು, ಆಳ ಜಾಸ್ತಿ ಬೇಕಾಯಿತು. ಬೆರಳ ತುದಿಯ ನಡುವೆ ಚುಚ್ಚಿದರೆ ನೋವು, ಪಕ್ಕದಲ್ಲಿ ಚುಚ್ಚಿ. ದಿನಾ ಬೇರೆ ಬೇರೆ ಬೆರಳು. ಮೊದಲ ಕೆಲವು ದಿನ ಅಪ್ಪ ಮುಖ ಕಿವುಚುತ್ತಿದ್ದರು. ಆಮೇಲೆ ರೇಡಿಯೋ ಕೇಳುತ್ತಾ ತಾವೇ ಮಾಡಿಕೊಳ್ಳುತ್ತಿದ್ದರು.

ಕೈ ತೊಳೆಯುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಬೆಲ್ಲ ಮುಟ್ಟದ ಕೈ ಇಲ್ಲ. ಒಂದು ಮಧ್ಯಾಹ್ನ ಅಮ್ಮ ಗಾಬರಿಯಾಗಿ ಫೋನ್ ಮಾಡಿದಳು, 431 ಬಂದಿದೆ ಅಂತ. ಅಷ್ಟೊತ್ತಿಗೆ ಔಷಧಿ ಬದಲಾಗಿ ಶುಗರ್ ಇಳಿದಿತ್ತು, ಆ ಅಂಕಿಗೆ ಕಾರಣವೇ ಇರಲಿಲ್ಲ. ಕೇಳಿದರೆ ಅಪ್ಪ ಆಗಷ್ಟೇ ವ್ಯಾಪಾರಿಗೆ ಅಚ್ಚುಬೆಲ್ಲ ಎಣಿಸಿ ಕೊಟ್ಟು ಬಂದಿದ್ದರು. ಪಂಚೆಗೆ ಕೈ ಒರೆಸಿಕೊಂಡು ಚುಚ್ಚಿಕೊಂಡಿದ್ದರು. ಸೋಪು ಹಾಕಿ ತೊಳೆದು, ಚೆನ್ನಾಗಿ ಒರೆಸಿ ಮತ್ತೆ ನೋಡಿದಾಗ 187. ಬೆರಳ ಮೇಲಿನ ಕಣ್ಣಿಗೆ ಕಾಣದಷ್ಟು ಬೆಲ್ಲ ಆ ಪುಟ್ಟ ಹನಿಯಲ್ಲಿ ಕರಗಿ ಅಂಕಿಯನ್ನು ಎಲ್ಲಿಗೋ ಒಯ್ದುಬಿಡುತ್ತದೆ. ಮಾವು, ಬಾಳೆ, ಕಬ್ಬಿನ ಹಾಲು ಮುಟ್ಟಿದರೂ ಅಷ್ಟೇ. ಸ್ಯಾನಿಟೈಸರ್ ಸವರಿದರೆ ಬೆಲ್ಲ ಹೋಗಲ್ಲ. ನೀರು, ಸೋಪೇ ಬೇಕು. ಆಮೇಲೆ ಕೈ ಒದ್ದೆ ಇರಬಾರದು, ನೀರು ಬೆರೆತರೆ ರಕ್ತ ತೆಳ್ಳಗಾಗುತ್ತದೆ. ಇನ್ಸುಲಿನ್ ತಗೊಳ್ಳುವವರು ಇಂಥ ಸುಳ್ಳು ಅಂಕಿಯನ್ನು ನಂಬಿ ಡೋಸ್ ಜಾಸ್ತಿ ಮಾಡಿಕೊಂಡರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮೀಟರ್ ಅಂಕಿ ಲ್ಯಾಬ್ ಅಂಕಿಗೆ ಸರಿಯಾಗಿ ಹೊಂದಲ್ಲ ಅಂತ ದೂರುವವರು ಇದ್ದಾರೆ. ಯಾವ ಮನೆ ಮೀಟರೂ ಪೂರ್ತಿ ಹೊಂದುವುದಿಲ್ಲ. ಐಎಸ್‌ಒ 15197 ಅನ್ನುವ ಅಂತಾರಾಷ್ಟ್ರೀಯ ನಿಯಮದ 2013ರ ಆವೃತ್ತಿ ಕೇಳುವುದು ಇಷ್ಟು: ನೂರು ರೀಡಿಂಗ್‌ನಲ್ಲಿ 95, ಲ್ಯಾಬ್ ಅಂಕಿಯಿಂದ ಶೇಕಡಾ 15ರೊಳಗೆ ಇರಬೇಕು. ಶುಗರ್ 100ಕ್ಕಿಂತ ಕಡಿಮೆ ಇದ್ದರೆ 15 ಅಂಕಿಯೊಳಗೆ. ಅಂದರೆ ನಿಜವಾದ ಶುಗರ್ 300 ಇದ್ದರೆ ಮೀಟರ್ 255 ಅಂದರೂ, 345 ಅಂದರೂ ನಿಯಮದ ಒಳಗೇ. ಊಟ ಆದ ಮೇಲಂತೂ ಬೆರಳ ರಕ್ತದಲ್ಲಿ ಸಕ್ಕರೆ ರಕ್ತನಾಳದ ರಕ್ತಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ರಕ್ತಹೀನತೆ ತೀವ್ರವಾಗಿದ್ದರೂ ಅಂಕಿ ಏರುಪೇರಾಗುತ್ತದೆ. ಹಾಗಾಗಿ 172 ಬಂತೋ 180 ಬಂತೋ ಅಂತ ತಲೆಕೆಡಿಸಿಕೊಳ್ಳುವುದು ಬೇಡ. 120 ಬೆಳಗ್ಗೆ, 330 ಸಂಜೆ, ಇದು ಮೂರು ದಿನ ಒಂದೇ ಸಮ ಬಂದರೆ ಅದು ನಿಜ. ಆ ಗುಡ್ಡವನ್ನು ಕಾಣಿಸುವುದಕ್ಕೆ ಈ ಮೀಟರ್ ಧಾರಾಳವಾಗಿ ಸಾಕು.

ಡಾಕ್ಟ್ರು ಅಪ್ಪನಿಗೆ ಬೆಳಗ್ಗೆ ಒಂದೇ ಸಲ ಎನ್‌ಪಿಎಚ್ ಅನ್ನುವ ಇನ್ಸುಲಿನ್ ಕೊಟ್ಟರು. ಮಬ್ಬು ಬಣ್ಣದ್ದು, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿ ಬೆರೆಸಿಕೊಳ್ಳಬೇಕು. ಬೆಳಗ್ಗೆ ಚುಚ್ಚಿದರೆ ಅದರ ಬಲವೂ ಮಧ್ಯಾಹ್ನ, ಸಂಜೆಗೇ ಜಾಸ್ತಿ. ರಾತ್ರಿಗೆ ಇಳಿಯುತ್ತದೆ. ಸ್ಟೀರಾಯ್ಡ್ ಗುಡ್ಡದ ಮೇಲೆ ಇನ್ಸುಲಿನ್ ಗುಡ್ಡವನ್ನು ಸರಿಯಾಗಿ ಕೂರಿಸಿದ ಆ ಲೆಕ್ಕ ನೋಡಿ ನನಗೆ ಬಹಳ ಸಂತೋಷವಾಯಿತು. ಕೆಲವರಿಗೆ ಬೆಳಗ್ಗೆ ಮಾತ್ರೆಯಲ್ಲೇ ಆಗಬಹುದು. ಅದು ಡಾಕ್ಟ್ರು ತೀರ್ಮಾನಿಸುವ ವಿಷಯ. ನಮ್ಮ ಕೆಲಸ ಅವರಿಗೆ ಸರಿಯಾದ ಹೊತ್ತಿನ ಅಂಕಿ ಕೊಡುವುದು.

ಡೋಸ್ ಇಳಿಸುವಾಗ ಈ ಮೀಟರ್‌ನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. 40ರಿಂದ 30, 30ರಿಂದ 20. ಸ್ಟೀರಾಯ್ಡ್ ಇಳಿದರೆ ಗುಡ್ಡವೂ ತಗ್ಗುತ್ತದೆ. ಇನ್ಸುಲಿನ್ ಮಾತ್ರ ಹಳೆಯ ಡೋಸ್‌ನಲ್ಲೇ ಇದ್ದರೆ ಶುಗರ್ ಕುಸಿಯುತ್ತದೆ. ಜನ ಏರುವುದಕ್ಕೆ ಹೆದರುತ್ತಾರೆ, ಇಳಿಯುವುದನ್ನು ಮರೆಯುತ್ತಾರೆ. 20ಕ್ಕೆ ಬಂದ ವಾರ ಒಂದು ಮಧ್ಯಾಹ್ನ ಊಟಕ್ಕೆ ಮುಂಚೆ ಅಪ್ಪನಿಗೆ ಕೈ ನಡುಕ, ಬೆವರು. ಮೀಟರ್ 64 ತೋರಿಸಿತು. 70ಕ್ಕಿಂತ ಕೆಳಗೆ ಹೋದರೆ ಕಾಯಬಾರದು. ಅಮ್ಮ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದಳು. ಕಾಲು ಗಂಟೆ ಬಿಟ್ಟು ನೋಡಿದರೆ 98. ಆಮೇಲೆ ಊಟ. ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ ಇನ್ಸುಲಿನ್ ಇಳಿಸಿಕೊಂಡೆವು. ಅಲ್ಲಿಂದ ಮುಂದೆ ಪ್ರತಿ ಸಲ ಸ್ಟೀರಾಯ್ಡ್ ಇಳಿಸುವ ದಿನವೇ ಇನ್ಸುಲಿನ್ ಎಷ್ಟು ಅಂತಲೂ ಬರೆಸಿಕೊಂಡು ಬರುತ್ತಿದ್ದೆವು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಿಬಿಡುತ್ತೇನೆ. ಶುಗರ್ 338 ಅಂತ ಗೊತ್ತಾದ ದಿನ ನೆಂಟರು ಒಬ್ಬೊಬ್ಬರಾಗಿ ಬಂದು 'ಆ ಹಾಳು ಸ್ಟೀರಾಯ್ಡ್ ಬಿಟ್ಟುಬಿಡಿ' ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ವಾರಗಳಿಗಿಂತ ಹೆಚ್ಚು ಕಾಲ ಸ್ಟೀರಾಯ್ಡ್ ತಗೊಂಡವರ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿರುತ್ತದೆ. ದಿಢೀರನೆ ಮಾತ್ರೆ ನಿಲ್ಲಿಸಿದರೆ ದೇಹಕ್ಕೆ ಕಾರ್ಟಿಸಾಲ್ ಎಲ್ಲಿಂದಲೂ ಸಿಗುವುದಿಲ್ಲ. ಬಿಪಿ ಕುಸಿದು, ವಾಂತಿಯಾಗಿ, ಜೀವ ಹೋಗುವ ಮಟ್ಟಕ್ಕೂ ಹೋಗಬಹುದು. ಹಂತ ಹಂತವಾಗಿ ಇಳಿಸುವುದು ಆ ಗ್ರಂಥಿ ಎಚ್ಚರಗೊಳ್ಳಲಿ ಅಂತ. ಶುಗರ್ ಏರಿದರೆ ಶುಗರ್‌ಗೆ ಔಷಧಿ ಇದೆ. ಅಪ್ಪನ ಉಸಿರಿಗೆ ಇದ್ದದ್ದು ಈ ಮಾತ್ರೆ.

2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಕಪ್ಪು ಶಿಲೀಂಧ್ರ ಅಂತ ಎಷ್ಟು ಜನ ಕಣ್ಣು ಕಳೆದುಕೊಂಡರು, ನೆನಪಿದೆ ಅಲ್ವಾ? ಸ್ಟೀರಾಯ್ಡ್ ಕೋವಿಡ್‌ನಲ್ಲಿ ಎಷ್ಟೋ ಜೀವ ಉಳಿಸಿತು, ಆಕ್ಸಿಜನ್ ಬೇಕಾದವರಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆ ಅಂತ 2020ರಲ್ಲೇ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿತ್ತು. ಆದರೆ ಹತೋಟಿ ಇಲ್ಲದ ಶುಗರ್, ಅದರ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಸ್ಟೀರಾಯ್ಡ್ ಸೇರಿದ ಕಡೆ ಆ ಶಿಲೀಂಧ್ರಕ್ಕೆ ದಾರಿಯಾಯಿತು. ಆ ಕಾಲದಲ್ಲಿ ಮನೆ ಮನೆಯಲ್ಲಿ ಆಕ್ಸಿಮೀಟರ್ ಇತ್ತು. ಬೆರಳಿಗೆ ಅದನ್ನು ಸಿಕ್ಕಿಸಿದ ಹೊತ್ತಿನಲ್ಲೇ ಶುಗರನ್ನೂ ನೋಡಿದ್ದರೆ ಎಷ್ಟೋ ಜನಕ್ಕೆ ಮೊದಲೇ ಸುಳಿವು ಸಿಗುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಎಲ್ಲಾ ಸ್ಟೀರಾಯ್ಡ್‌ಗೂ ನಾಲ್ಕು ಗಂಟೆಯ ಲೆಕ್ಕ ಹೊಂದುವುದಿಲ್ಲ. ಡೆಕ್ಸಾಮೆಥಾಸೋನ್ ಒಂದೂವರೆ ದಿನದವರೆಗೂ ಕೆಲಸ ಮಾಡುತ್ತದೆ, ಅದರಲ್ಲಿ ಬೆಳಗಿನ ಶುಗರೂ ಏರುತ್ತದೆ. ಪ್ರೆಡ್ನಿಸೊಲೋನ್ ದಿನಕ್ಕೆ ಎರಡು ಸಲ ಕೊಟ್ಟರೂ ಅಷ್ಟೇ. ಡೆಫ್ಲಜಾಕಾರ್ಟ್ ಅಂತ ಬರೆದಿದ್ದರೆ ಅದೂ ಸ್ಟೀರಾಯ್ಡೇ, 6 ಮಿಲಿಗ್ರಾಂ ಅಂದರೆ ಹೆಚ್ಚುಕಡಿಮೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಮೀಥೈಲ್‌ಪ್ರೆಡ್ನಿಸೊಲೋನ್ ಆದರೆ 4 ಮಿಲಿಗ್ರಾಂ ಸಮ. ದಮ್ಮಿಗೆ ಎಳೆದುಕೊಳ್ಳುವ ಇನ್‌ಹೇಲರ್‌ನಲ್ಲೂ ಸ್ಟೀರಾಯ್ಡ್ ಇರುತ್ತದೆ, ಆದರೆ ಮಾಮೂಲಿ ಡೋಸ್‌ನಲ್ಲಿ ಶುಗರ್ ಮೇಲೆ ಅದರ ಪ್ರಭಾವ ಬಹಳ ಕಡಿಮೆ. ಶುಗರ್ ಹೆದರಿಕೆಗೆ ಯಾರೂ ಇನ್‌ಹೇಲರ್ ಬಿಡಬೇಡಿ.

ಹಳ್ಳಿಗಳಲ್ಲಿ ಇನ್ನೊಂದು ಅಪಾಯ ಇದೆ. ಮಂಡಿನೋವಿಗೆ, ದಮ್ಮಿಗೆ ಅಂತ ಹೆಸರಿಲ್ಲದ ಪುಡಿ, ಗುಳಿಗೆ ಕೊಡುತ್ತಾರೆ. ಎರಡು ದಿನಕ್ಕೆ ನೋವು ಮಂಗಮಾಯ. ನಾಟಿ ಔಷಧಿ ಅಂತ ಮಾರುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪರೀಕ್ಷೆಯಲ್ಲಿ ಸಿಕ್ಕಿದೆ. ಪ್ರೆಡ್ನಿಸೊಲೋನ್ ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್ ಔಷಧಿ, ಡಾಕ್ಟ್ರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಪುಡಿ ಶುರು ಮಾಡಿದ ಮೇಲೆ ಮುಖ ಊದಿಕೊಂಡು, ಹಸಿವು ಜಾಸ್ತಿಯಾಗಿ, ಕಾರಣವಿಲ್ಲದೆ ಶುಗರ್ ಏರಿದರೆ ಆ ಪುಡಿಯನ್ನೇ ಡಾಕ್ಟ್ರಿಗೆ ತೋರಿಸಿ. ಅದನ್ನೂ ತಿಂಗಳುಗಟ್ಟಲೆ ತಿಂದಿದ್ದರೆ ಹೇಳದೆ ಕೇಳದೆ ನಿಲ್ಲಿಸಬೇಡಿ, ಕಾರಣ ಮೇಲೆ ಹೇಳಿದ್ದೇ.

ಊಟದ ವಿಷಯದಲ್ಲೂ ಮೀಟರ್ ಒಂದು ಜಗಳ ಬಗೆಹರಿಸಿತು. ಮುದ್ದೆ ತಿಂದರೆ ಶುಗರ್ ಏರಲ್ಲ ಅಂತ ಅಪ್ಪನ ನಂಬಿಕೆ. ರಾಗಿಯಲ್ಲಿ ನಾರು ಇದೆ, ನಿಜ. ಪಿಷ್ಟವೂ ಬೇಕಾದಷ್ಟಿದೆ. ದೊಡ್ಡ ಮುದ್ದೆ ಉಂಡ ದಿನ, ಅರ್ಧ ಮುದ್ದೆ ಜೊತೆ ಹುರುಳಿಕಾಳು, ಸೊಪ್ಪಿನ ಪಲ್ಯ ಉಂಡ ದಿನ, ಎರಡೂ ದಿನ ನಾಲ್ಕು ಗಂಟೆಗೆ ಅವರೇ ನೋಡಿಕೊಂಡರು. ನಾನು ಏನೂ ಹೇಳಬೇಕಾಗಲಿಲ್ಲ. ಮಧ್ಯಾಹ್ನದ ಊಟ ಚಿಕ್ಕದಾಯಿತು, ಊಟವಾದ ಮೇಲೆ ಗದ್ದೆ ಕಡೆ ಒಂದು ಸುತ್ತು ಹೋಗುವ ಅಭ್ಯಾಸ ಬಂತು.

ಮೆಚ್ಚದ ವಿಷಯ ಒಂದೇ, ಸ್ಟ್ರಿಪ್ ಖರ್ಚು. ಇದು ಎಲ್ಲಾ ಮೀಟರ್‌ಗಳ ಕಥೆ. ದಿನಕ್ಕೆ ನಾಲ್ಕು ಸಲ ನೋಡಬೇಕಾದವರಿಗೆ ತಿಂಗಳ ಬಿಲ್ ನಿಜಕ್ಕೂ ಭಾರ. ಕೂಲಿ ಮಾಡುವ ಮನೆಗಳ ಗತಿ ಏನು ಅಂತ ಯೋಚಿಸಿ ಬೇಜಾರಾಗುತ್ತದೆ. ಸ್ಟೀರಾಯ್ಡ್ ಬರೆಯುವ ಆಸ್ಪತ್ರೆಗಳೇ ಮೊದಲ ಬಾಟಲಿ ಸ್ಟ್ರಿಪ್ ಜೊತೆ ಕಳಿಸಿದರೆ ಎಷ್ಟು ಚೆನ್ನಾಗಿರುತ್ತದೆ. ದಿನಕ್ಕೆ ಒಂದೇ ಸ್ಟ್ರಿಪ್‌ಗೆ ದುಡ್ಡಿದೆ ಅನ್ನುವವರು, ಬೆಳಗ್ಗೆ ಮಾತ್ರ ಪ್ರೆಡ್ನಿಸೊಲೋನ್ ತಗೊಳ್ಳುತ್ತಿದ್ದರೆ, ಆ ಒಂದನ್ನು ಮಧ್ಯಾಹ್ನದ ಊಟವಾಗಿ ಎರಡು ತಾಸು ಕಳೆದ ಮೇಲೆ ಅಥವಾ ರಾತ್ರಿ ಊಟಕ್ಕೆ ಮುಂಚೆ ಬಳಸಿ. ಬೆಳಗ್ಗೆ ಅದನ್ನು ಖರ್ಚು ಮಾಡಬೇಡಿ. ಇನ್ಸುಲಿನ್ ತಗೊಳ್ಳುವವರಿಗೆ ಒಂದು ಸಾಲದು, ಎಷ್ಟು ಸಲ ನೋಡಬೇಕು ಅಂತ ಡಾಕ್ಟ್ರನ್ನೇ ಕೇಳಿ.

ಈಗ ಅಪ್ಪ 5 ಮಿಲಿಗ್ರಾಂಗೆ ಬಂದಿದ್ದಾರೆ. ಇನ್ಸುಲಿನ್ ನಿಂತಿದೆ, ಮೆಟ್‌ಫಾರ್ಮಿನ್ ಮುಂದುವರಿದಿದೆ. ವಾರಕ್ಕೆ ಎರಡು ಮೂರು ಸಲ ನಾಲ್ಕು ಗಂಟೆಗೆ ನೋಡಿಕೊಳ್ಳುತ್ತಾರೆ, 150ರ ಆಚೆ ಈಚೆ ಇರುತ್ತದೆ. ಮೊನ್ನೆ ಪಕ್ಕದ ಮನೆಯವರು ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಅವರಿಗೂ ಶುಗರ್ ಇದೆ. ಕೀಲಿನೊಳಗೆ ಹಾಕಿದ ಇಂಜೆಕ್ಷನ್‌ನಿಂದಲೂ ಕೆಲವು ದಿನ ಶುಗರ್ ಏರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅಪ್ಪ ಹೇಳಿದರು. ಪಕ್ಕದ ಮನೆಯವರು ನಮ್ಮ ಮೀಟರ್, ಪೆನ್ ಎರವಲು ಕೇಳಿದರು. ರಕ್ತದಿಂದ ಹರಡುವ ಕಾಯಿಲೆಗಳಿರುತ್ತವೆ, ಚುಚ್ಚುವ ಪೆನ್ ಒಬ್ಬರದ್ದು ಇನ್ನೊಬ್ಬರು ಬಳಸಲೇಬಾರದು ಅಂತ ತಿಳಿಸಿ, ವಿ.ವಿ. ರಸ್ತೆಯ ಅದೇ ಅಂಗಡಿಗೆ ಕಳಿಸಿದ್ದೇವೆ.